ಭೂಮಿ ಕಾದದ್ದಕ್ಕೆ ತಂಗಿಯನ್ನು ಹೊರಗೆ ಕೂರಿಸಿದವಳು

ಭೂಮಿ ಯಾಕೆ ಬಿಸಿಯೇರಿ ಕಾಯುತ್ತಿದೆ ಎಂದು ವಿವರಿಸುವ ಯೋಗ್ಯತೆ ನನಗಿಲ್ಲ. ನಾನು ಕಲಿತದ್ದು ಐದನೇ ಇಯತ್ತೆ. ಆದರೆ ಅದು ಯಾವ ಕಾರಣಕ್ಕೆ ಕಾಯುತ್ತಿಲ್ಲ ಎಂಬುದು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ ಎಂದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ನಾನು ಸುಮ್ಮನಿರಲಿಲ್ಲ. ಎಲ್ಲರ ಎದುರು ಬಾಯಿ ತೆರೆದು ಸುಳ್ಳು ಹೇಳಿದೆ. ಆ ಸುಳ್ಳಿನ ಕೆಳಗೆ ನನ್ನ ತಂಗಿ ಬೆಂದಳು.

ರಾಣೆಬೆನ್ನೂರಿನ ಸುತ್ತ ನೂರಾರು ಹೆಂಗಸರು ಬೀಜದ ಕೆಲಸ ಮಾಡುತ್ತಾರೆ. ಅದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ಸೊಳ್ಳೆಪರದೆಯಂಥ ಬಿಳಿ ಬಲೆ ಹೊದಿಸಿದ ದೊಡ್ಡ ಮನೆ. ಒಳಗೆ ಮೆಣಸಿನ ಗಿಡಗಳ ಸಾಲು. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆಯೇ ಚಿಮಟಿಯಿಂದ ಬಿಡಿಸಿ ಒಳಗಿನ ಕೇಸರಗಳನ್ನು ಕೀಳಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಗಿಡದ ಹೂವಿನ ಪುಡಿಯನ್ನು ಅದರ ತುದಿಗೆ ಮುಟ್ಟಿಸಿ ತೊಟ್ಟಿಗೆ ನೂಲು ಕಟ್ಟಬೇಕು. ಆ ಹೂವು ಕಾಯಿ ಕಟ್ಟಿದರೆ ಅದರೊಳಗಿನ ಬೀಜವೇ ಕಂಪನಿಗೆ ಬೇಕಾದ ಬೀಜ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ನೂಲು. ಯಾರು ಮುಟ್ಟಿದ ಹೂವು ಕಾಯಿ ಆಯಿತು, ಯಾರದು ಉದುರಿತು ಎಂದು ಗಿಡವನ್ನು ನೋಡಿದರೆ ತಿಳಿಯುತ್ತದೆ. ನನ್ನದು ಹಳದಿ, ತಂಗಿಯದು ನೀಲಿ.

ಮೆಣಸಿನ ಮೊಗ್ಗು ಜೋಳದ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ತಂಗಿ ಅದನ್ನು ಬಿಡಿಸುವುದನ್ನು ನೋಡಲು ಕಂಪನಿಯವರು ಬೇರೆ ಗುಂಪಿನ ಹೆಂಗಸರನ್ನು ಕರೆತರುತ್ತಿದ್ದರು. ನಾನು ಎರಡು ಮೊಗ್ಗು ಬಿಡಿಸುವಷ್ಟರಲ್ಲಿ ಅವಳದು ಐದು ಮುಗಿದಿರುತ್ತಿತ್ತು. ಎಸಳು ಹರಿಯುತ್ತಿರಲಿಲ್ಲ, ತುದಿ ಮುರಿಯುತ್ತಿರಲಿಲ್ಲ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಬೆರಳು ಪಳಗಿದ್ದು ಅವಳ ಪಕ್ಕದಲ್ಲಿ ಕೂತು. ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ತನ್ನ ಗಂಡ ತೀರಿಕೊಂಡ ಮೇಲೆ ತಂಗಿಯೂ ನನ್ನ ಮನೆಗೇ ಬಂದಳು. ಒಂದೇ ಟೆಂಪೊದಲ್ಲಿ ಕೆಲಸಕ್ಕೆ ಹೋಗುತ್ತಿದ್ದೆವು. ನಾನು ಇಪ್ಪತ್ತೆರಡು ಹೆಂಗಸರ ಗುಂಪಿಗೆ ಮೇಸ್ತ್ರಿ. ಟೆಂಪೊದಲ್ಲಿ ಡ್ರೈವರನ ಪಕ್ಕದ ಜಾಗ ನನ್ನದು, ಹೂವಿನ ಪುಡಿಯ ಡಬ್ಬಿ ನನ್ನ ಮಡಿಲಲ್ಲಿ. ಆ ಜಾಗ, ಆ ಡಬ್ಬಿ ನನಗೆ ಎಷ್ಟು ಪ್ರಿಯವಾಗಿದ್ದವು ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಳೆದ ವರ್ಷಕ್ಕಿಂತ ಹಿಂದಿನ ಬೇಸಿಗೆಯ ಮಾತು. ಐರಣಿಯ ಕಡೆಗೆ, ಹೊಳೆಯ ದಿಕ್ಕಿಗೆ ಹೋಗುವ ದಾರಿಯಲ್ಲಿದ್ದ ಹೊಲದಲ್ಲಿ ನಮ್ಮ ಕೆಲಸ. ಬಿಸಿಲು ಯಾವ ವರ್ಷವೂ ಕಾಣದಷ್ಟಿತ್ತು. ಬೆಳಿಗ್ಗೆ ಟೆಂಪೊದಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ವಿಡಿಯೊ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾರಣ.

“ಗುಡ್ಡದ ಮ್ಯಾಲ ಆ ಗಾಳಿ ಫ್ಯಾನ್ ನಿಲ್ಲಿಸ್ಯಾರಲ್ಲ, ಅವು ಮೋಡಾ ದಬ್ಬತಾವಂತ. ನಮ್ಮ ಮಳೀನೆಲ್ಲಾ ಊದಿ ಊದಿ ಆಂಧ್ರಾಕ ಕಳಿಸ್ಯಾವ.”

“ಅಲ್ಲೂ ಮಳಿ ಇಲ್ಲಂತಲ್ಲ?”

“ಅವ್ರೂ ಫ್ಯಾನ್ ಹಾಕ್ಯಾರ. ಅವ್ರು ಇತ್ತಾಗ ಊದತಾರ, ನಾವು ಅತ್ತಾಗ ಊದತೇವಿ. ಮೋಡ ನಡುವ ಸಿಕ್ಕೊಂಡು ಸಾಯ್ತಾವ.”

ಇನ್ನೊಬ್ಬಳು ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳ ಮೇಲೆ ತಪ್ಪು ಹೊರಿಸುತ್ತಿದ್ದಳು. “ನಿಮ್ಮ ತವರ್ಮನಿಯವ್ರ ಮಾಡಿದ್ದು ಇದು. ಊರ ತಂಪೆಲ್ಲಾ ಜಗ್ಗಿ ಮೆಣಸಿನಕಾಯಿಗೆ ಕೊಟ್ಟಾರ. ಅಲ್ಲಿ ಮೆಣಸಿನಕಾಯಿ ಗಡಗಡ ನಡಗತೇತಿ, ಇಲ್ಲಿ ನಾವು ಬೆವರತೇವಿ.”

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ ಇದ್ದಳು. ಅವಳ ಲೆಕ್ಕಾಚಾರವೇ ಬೇರೆ. “ಭೂಮಿ ಅಂದ್ರ ಒಲಿ ಮ್ಯಾಲಿನ ಪಾತೇಲಿ. ಕೆಳಗ ಬೆಂಕಿ ಮೊದಲಿಂದನೂ ಐತಿ. ಒಳಗ ನೀರಿತ್ತು, ನಡದಿತ್ತು. ಬೋರ್ ಹಾಕಿ ಹಾಕಿ ನೀರೆಲ್ಲಾ ಎತ್ತಿ ಬಿಟ್ರಿ. ಈಗ ಬರೇ ಪಾತೇಲಿ ಸೀಯಾಕತ್ತೇತಿ.”

ಬಿಸಿಲಿನಿಂದ ಆಗುವ ಅನಾಹುತಗಳಿಗೂ ಕೊರತೆ ಇರಲಿಲ್ಲ. ಕೋಳಿಗಳು ಹಳದಿ ಇಲ್ಲದ ತತ್ತಿ ಇಡುತ್ತಿವೆಯಂತೆ. ಹುಟ್ಟುವ ಕೂಸುಗಳಿಗೆ ಬೆವರೇ ಬರುವುದಿಲ್ಲವಂತೆ. ಒಬ್ಬಳು ಫೋನು ನೋಡುತ್ತ, “ಬಿಸಿಲು ಹೆಚ್ಚಾದರ ಗಂಡಸರ ಬುದ್ಧಿ ಕಮ್ಮಿ ಆಗ್ತೈತಂತ” ಎಂದಳು.

“ಅದಕ್ಕ ಬಿಸಿಲ ಯಾಕ ಬೇಕ ಯವ್ವಾ?” ಎಂದವಳು ನನ್ನ ತಂಗಿ. ಟೆಂಪೊ ಓಡಿಸುವವನೂ ನಕ್ಕಿದ್ದ.

ಇವುಗಳಲ್ಲಿ ಯಾವುದು ಸುಳ್ಳು, ಯಾವುದರಲ್ಲಿ ಒಂದು ಎಳೆ ಸತ್ಯ ಇದೆ ಎಂದು ಆಗ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಗಾಳಿ ಫ್ಯಾನಿನ ಮೇಲೆ ತಪ್ಪು ಹೊರಿಸಿದರೆ ಅದಕ್ಕೇನು ನೋವಾಗುತ್ತದೆಯೆ? ಕೋಲ್ಡ್ ಸ್ಟೋರೇಜನ್ನು ಬೈದರೆ ಅದರ ಬಾಗಿಲು ಮುಚ್ಚುತ್ತದೆಯೆ? ಮಾತು ಟೆಂಪೊದಲ್ಲಿ ಹುಟ್ಟಿ ಟೆಂಪೊದಲ್ಲೇ ಸಾಯುತ್ತಿತ್ತು. ಆದ್ದರಿಂದ ಇಂಥ ಮಾತುಗಳೆಲ್ಲ ನಗಲಿಕ್ಕೆಂದೇ ಇರುವವು ಎಂದುಕೊಂಡಿದ್ದೆ. ಬೈಸಿಕೊಳ್ಳಲು ಕೈಗೆ ಸಿಗುವ ಮನುಷ್ಯರಿದ್ದರೆ ಅದೇ ಮಾತಿಗೆ ಹಲ್ಲು ಬರುತ್ತವೆ ಎಂದು ಗೊತ್ತಿರಲಿಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ ಹೂ ಉದುರತೊಡಗಿದವು. ನಾವು ನೂಲು ಕಟ್ಟಿದ ಹೂವು ನಾಲ್ಕೈದು ದಿನಕ್ಕೆ ತೊಟ್ಟು ಹಳದಿಯಾಗಿ ನೂಲಿನ ಸಮೇತ ನೆಲಕ್ಕೆ ಬೀಳುತ್ತಿತ್ತು. ಸಾಲಿನ ನಡುವೆ ನಡೆದರೆ ಬಣ್ಣ ಬಣ್ಣದ ನೂಲು ಕಾಲಿಗೆ ಅಂಟುತ್ತಿದ್ದವು. ತಂಗಿ ಮೊದಲು ಹೇಳಿದಳು: “ಯಕ್ಕಾ, ನಸುಕಿನ್ಯಾಗ ಮುಟ್ಟಿಸಿದ್ದು ನಿಂತಾವ ನೋಡು. ಹತ್ತು ಗಂಟೆ ದಾಟಿದ ಮ್ಯಾಲ ಮುಟ್ಟಿಸಿದ್ದೆಲ್ಲಾ ಬಿದ್ದಾವ. ಇದು ಕೈಯಿಂದಲ್ಲ, ಕಾವಿಂದ.” ಕಂಪನಿಯ ಕಡೆಯಿಂದ ಬಂದ ಅಧಿಕಾರಿಯೂ ಅದನ್ನೇ ಹೇಳಿದ. ಕಾವು ಹೆಚ್ಚಾದರೆ ಹೂವಿನ ಪುಡಿಗೆ ಜೀವ ಉಳಿಯುವುದಿಲ್ಲ. ಮೇಲೆ ಇನ್ನೊಂದು ನೆರಳಿನ ಬಲೆ ಕಟ್ಟಿ, ಕೆಲಸವನ್ನು ಆರು ಗಂಟೆಗೇ ಶುರು ಮಾಡಿ ಎಂದ.

ಕಂಪನಿಯಿಂದ ಗುತ್ತಿಗೆ ಹಿಡಿದು ನಮ್ಮಿಂದ ಕೆಲಸ ಮಾಡಿಸುತ್ತಿದ್ದವನನ್ನು ನಾವು ಅಣ್ಣಾರು ಎಂದು ಕರೆಯುತ್ತಿದ್ದೆವು. ಅವನು ಕೆಟ್ಟವನೆಂದು ಆಗ ಅನಿಸಿರಲಿಲ್ಲ, ಈಗಲೂ ಪೂರ್ತಿ ಅನಿಸುವುದಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದ. ಆದರೆ ಅವನು ಹೆದರಿದ್ದ. ಹೆದರಿದವನಿಗೆ ಬಿಸಿಲನ್ನು ಬೈಯಲು ಬರುವುದಿಲ್ಲ, ಬೈಯಲು ಒಂದು ಮುಖ ಬೇಕು. ಅಧಿಕಾರಿ ಹೋದ ಎರಡು ದಿನಕ್ಕೆ ಪ್ರವಚನ ಮಾಡುವವರೊಬ್ಬರನ್ನು ಕಾರಿನಲ್ಲಿ ಕರೆತಂದ. ಬಲೆಮನೆಯ ಬಾಗಿಲಿಗೆ ಪೂಜೆಯಾಯಿತು. ನಮ್ಮನ್ನೆಲ್ಲ ಬೇವಿನ ಗಿಡದ ಕೆಳಗೆ ಕೂರಿಸಿದರು. ಬಂದವರು ಮೆತ್ತಗೆ, ನಗುನಗುತ್ತ ಮಾತಾಡಿದರು.

“ಜಗತ್ತ ಯಾಕ ಕಾಯಾಕತ್ತೇತಿ, ವಿಚಾರ ಮಾಡೀರೇನವಾ? ವಿಜ್ಞಾನಿಗಳು ಹೊಗಿ ಅಂತಾರ. ಹೊಗಿ ಮೊದಲಿರಲಿಲ್ಲೇನು? ಮನಿಮನಿಗೆ ಕಟಿಗಿ ಒಲಿ ಇದ್ದವು. ಇಲ್ಲದ್ದು ಯಾವುದು? ಹೆಣ್ಣಿಗೆ ತಿಂಗಳಿಗೆ ಮೂರ ದಿನ ಮೈಯಾಗಿಂದ ಒಂದು ಉರಿ ಹೊರಗ ಬರ್ತೈತಿ. ಹಿರ್ಯಾರು ಆಕಿನ್ನ ಹೊರಗ ಕುಂದ್ರಸತಿದ್ರು. ಉರಿ ಅಲ್ಲೇ ಆರತಿತ್ತು. ಈಗ ಆಕಿ ಬಸ್ಸಿನ್ಯಾಗ, ಆಫೀಸಿನ್ಯಾಗ, ಹೊಲದ ಪೀಕಿನ್ಯಾಗ ಎಲ್ಲಾ ಕಡೆ. ಆ ಉರಿ ಎಲ್ಲಿ ಹೋಗಬೇಕು? ಭೂಮಿಗೆ ಹತ್ತೇತಿ. ಅಮೆರಿಕಾದಾಗ ಅಡವಿ ಅಡವೀನ ಉರಿಯಾಕತ್ತಾವ. ಯಾಕ? ಅಲ್ಲಿ ಹೊರಗ ಕುಂದ್ರೂ ಪದ್ಧತೀನ ಇಲ್ಲ.”

ಅಜ್ಜಿ ನನ್ನ ಕಿವಿಯಲ್ಲಿ, “ನನಗ ನಿಂತು ಹದಿನೈದು ವರ್ಷ ಆತು. ಅಂದ್ರ ನಾ ಇದ್ದಲ್ಲಿ ತಂಪ ಇರಬೇಕಲ್ಲ?” ಎಂದಳು. ನಾನು ಅವಳ ತೊಡೆ ಚಿವುಟಿ ಸುಮ್ಮನಾಗಿಸಿದೆ.

ಅಣ್ಣಾರು ನನ್ನ ಕಡೆ ತಿರುಗಿದ. “ಏನ್ ಮೇಸ್ತ್ರಿ, ಹದಿನೈದು ವರ್ಷದ ಅನುಭವ ನಿಂದು. ನೀ ಹೇಳು. ಹೊರಗಾದಾಕಿ ಮುಟ್ಟಿದ ಹೂ ನಿಲ್ತಾವೇನ?”

ಈಗ ಒಂದು ವಿಷಯ ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಇದಕ್ಕಾಗಿ. ಮುಟ್ಟಿನ ದಿನಗಳಲ್ಲಿ ಗಿಡ ಮುಟ್ಟಬಾರದು ಎಂಬ ಮಾತು ನಮ್ಮ ಕೆಲಸದಲ್ಲಿ ಮೊದಲಿನಿಂದಲೂ ಇತ್ತು. ಯಾರೂ ಅದನ್ನು ವಿರೋಧಿಸುತ್ತಿರಲಿಲ್ಲ, ಯಾರೂ ಪಾಲಿಸುತ್ತಲೂ ಇರಲಿಲ್ಲ. ಹದಿನೈದು ವರ್ಷಗಳಲ್ಲಿ ಒಂದು ತಿಂಗಳೂ ನಾನು ಆ ದಿನಗಳಲ್ಲಿ ಕೆಲಸ ಬಿಟ್ಟಿಲ್ಲ. ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಹೋಗಿ ಹೂ ಮುಟ್ಟಿದ್ದೇನೆ. ನನ್ನ ಹಳದಿ ನೂಲಿನ ಹೂಗಳು ಎಲ್ಲ ದಿನ ನಿಂತ ಹಾಗೆ ಆ ದಿನಗಳಲ್ಲೂ ನಿಂತಿವೆ. ಯಾವ ವಿಜ್ಞಾನಿಗೂ ಇಲ್ಲದ ಸಾಕ್ಷಿ ನನ್ನ ಕೈಯಲ್ಲಿತ್ತು. ಇನ್ನೂ ಹೇಳುತ್ತೇನೆ, ಕೇಳಿ: ಬೇವಿನ ಗಿಡದ ಕೆಳಗೆ ಅಣ್ಣಾರು ನನ್ನನ್ನು ಆ ಪ್ರಶ್ನೆ ಕೇಳಿದಾಗ ನನಗೆ ಎರಡನೇ ದಿನ.

“ಖರೇ ಐತ್ರಿ” ಎಂದೆ. ಅಷ್ಟಕ್ಕೇ ಬಿಡಲಿಲ್ಲ. “ನಮ್ಮವ್ವನೂ ಹಂಗ ಹೇಳತಿದ್ಲ್ರಿ” ಎಂದೆ.

ನಮ್ಮವ್ವ ಹಾಗೆ ಎಂದೂ ಹೇಳಿದವಳಲ್ಲ. ತಿಂಗಳ ಮೂವತ್ತು ದಿನವೂ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ದುಡಿದವಳು. ಸತ್ತವಳ ಬಾಯಿಗೂ ನಾನು ಸುಳ್ಳು ತುರುಕಿದೆ. ಯಾತಕ್ಕೆ? ಅಣ್ಣಾರು ಎಲ್ಲರ ಎದುರು ನನ್ನ ಅನುಭವ ಎಂದದ್ದಕ್ಕೆ. ಪ್ರವಚನದವರು ನನ್ನ ಕಡೆ ತಲೆ ಆಡಿಸಿದ್ದಕ್ಕೆ. ಟೆಂಪೊದ ಮುಂದಿನ ಆ ಹರಕು ಸೀಟಿಗಾಗಿ.

ಮರುದಿನದಿಂದ ಹೊಸ ಪದ್ಧತಿ. ಹೊರಗಾದವರು ಮನೆಯಲ್ಲಿ ಕೂರುವಂತಿಲ್ಲ; ಕೂತರೆ ಅವರ ಜಾಗಕ್ಕೆ ಬೇರೆ ಗುಂಪಿನವರು ಬರುತ್ತಾರೆ. ಕೆಲಸಕ್ಕೆ ಬರಬೇಕು, ಆದರೆ ಬಲೆಮನೆಯಿಂದ ದೂರ, ಗೊಬ್ಬರದ ಚೀಲ ಇಡುತ್ತಿದ್ದ ಪತ್ರಾಸಿನ ಶೆಡ್ಡಿನಲ್ಲಿ ಕೂತು ಖಾಲಿ ಚೀಲ ಝಾಡಿಸಿ ಮಡಚಬೇಕು. ಮೇಲೆ ತಗಡು, ಮೂರು ಕಡೆ ತಗಡು. ಯಾರು ಒಳಗೆ, ಯಾರು ಶೆಡ್ಡಿಗೆ ಎಂದು ಟೆಂಪೊ ಹತ್ತುವಾಗ ಕೇಳುವ ಕೆಲಸ ನನ್ನದು. ನಾನು ಒಬ್ಬೊಬ್ಬಳನ್ನೂ ಕೇಳುತ್ತಿದ್ದೆ. ಎಲ್ಲರೂ ನನ್ನ ಕಣ್ಣು ತಪ್ಪಿಸಿ “ಇಲ್ಲಕ್ಕ” ಎನ್ನುತ್ತಿದ್ದರು. ಮೇಸ್ತ್ರಿಯನ್ನು ಕೇಳುವವರು ಯಾರೂ ಇರಲಿಲ್ಲ.

ಹೀಗಾಗಿ ಮುಚ್ಚಿಡಲು ಬಾರದವರಿಗಷ್ಟೇ ಆ ಶೆಡ್ಡು ಮೀಸಲಾಯಿತು. ನನ್ನ ತಂಗಿಗೆ ಮುಚ್ಚಿಡಲು ಆಗುತ್ತಿರಲಿಲ್ಲ. ಎರಡು ವರ್ಷದಿಂದ ಅವಳಿಗೆ ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು, ವಿಪರೀತ ಹೋಗುತ್ತಿತ್ತು. ದವಾಖಾನೆಗೆ ತೋರಿಸೋಣ ಎಂದು ನಾನೂ ಎನ್ನುತ್ತಿದ್ದೆ, ಅವಳೂ ಎನ್ನುತ್ತಿದ್ದಳು. ಸುಗ್ಗಿ ಮುಗಿಯಲಿ ಎಂದು ಇಬ್ಬರೂ ಮುಂದೂಡುತ್ತಿದ್ದೆವು. ಗುಂಪಿಗೆಲ್ಲ ಗೊತ್ತಿದ್ದ ವಿಷಯ. ಮೊದಲ ದಿನ ಟೆಂಪೊ ಬಳಿ ಅವಳನ್ನು ಕೇಳಿದಾಗ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ “ಹೌದು” ಎಂದಳು. ನಾನು ಬೇರೆಡೆ ನೋಡಿದೆ.

ಏಪ್ರಿಲ್ ತಿಂಗಳಲ್ಲಿ ಎಲ್ಲರಿಗಿಂತ ಚೊಕ್ಕಾಗಿ ಹೂ ಬಿಡಿಸುವ ಬೆರಳುಗಳು ಗೊಬ್ಬರದ ಚೀಲ ಮಡಚುತ್ತ ಕೂತವು. ಹೂಗಳು ಉದುರುವುದು ನಿಲ್ಲಲಿಲ್ಲ. ಹೇಗೆ ನಿಂತಾವು? ಪ್ರವಚನದವರು ಬಂದು ಹೋದ ದಿನ ನಾನು ಬೆಳಿಗ್ಗೆ ಬೇಗ ಮುಟ್ಟಿಸಿದ್ದ ಸಾಲನ್ನು ಹತ್ತು ದಿನ ಬಿಟ್ಟು ನೋಡಿದೆ. ಹಳದಿ ನೂಲಿನ ತೊಟ್ಟುಗಳಲ್ಲಿ ಗಟ್ಟಿ ಹಸಿರು ಕಾಯಿಗಳು ಜೋತಾಡುತ್ತಿದ್ದವು. ನನ್ನ ಎರಡನೇ ದಿನದ ಕಾಯಿಗಳು. ಒಂದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಅದನ್ನು ಕಿತ್ತು ಅಣ್ಣಾರ ಮುಂದೆ ಹಿಡಿದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಎಲೆ ಸರಿಸಿ ಅದನ್ನು ಮುಚ್ಚಿದೆ.

ಮೇ ಮೊದಲ ವಾರ. ತಂಗಿ ಶೆಡ್ಡಿನಲ್ಲಿ ಕೂತು ಅದು ಐದನೇ ದಿನ. ಪ್ರವಚನದವರು ಹೇಳಿದ್ದು ಮೂರು ದಿನ. ಆದರೆ ರಕ್ತ ನಿಲ್ಲುವ ತನಕ ಉರಿ ಇರುತ್ತದೆ ಎಂದು ಅಣ್ಣಾರು ತಾನೇ ತೀರ್ಮಾನಿಸಿದ್ದ. ಹನ್ನೊಂದು ಗಂಟೆಯ ಸುಮಾರಿಗೆ ನೀರು ಕುಡಿಯಲು ಬಂದೆ. ತಂಗಿ ಶೆಡ್ಡಿನ ಬಾಯಿಗೆ ಬಂದು ನಿಂತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಯಕ್ಕಾ, ತಲಿ ಗಿಮ್ ಅನ್ನಾಕತ್ತೇತಿ. ಬೇವಿನ ಗಿಡದ ಕೆಳಗ ಕುಂದರ್ಲೇನ?”

ಬೇವಿನ ಗಿಡ ಬಲೆಮನೆಯ ಬಾಗಿಲಿಗಿತ್ತು. ಅದರ ನೆರಳಲ್ಲಿ ಅಣ್ಣಾರು ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

“ಅಲ್ಲಿ ಬ್ಯಾಡ. ಅಣ್ಣಾರ ನೋಡ್ತಾರ” ಎಂದೆ.

“ಹಂಗಾರ ಟೆಂಪೊದ ನೆರಳಿಗರ?”

“ಟೆಂಪೊ ಊರಿಗೆ ಹೋಗೇತಿ. ಇನ್ನೊಂದು ತಾಸು ತಡಿ, ಊಟಕ್ಕ ಬಿಡ್ತೇವಿ.”

ಅವಳು ವಾದ ಮಾಡಲಿಲ್ಲ. ನನ್ನ ತಂಗಿ, ಗಂಡಸರ ಬುದ್ಧಿಗೆ ಬಿಸಿಲು ಯಾಕೆ ಬೇಕು ಎಂದು ಟೆಂಪೊವನ್ನೇ ನಗಿಸಿದವಳು, ತಲೆ ಬಗ್ಗಿಸಿಕೊಂಡು ತಗಡಿನ ಒಳಗೆ ಹೋದಳು. ನಾನು ನೀರು ಕುಡಿದು, ಚರಿಗೆ ಮಗುಚಿಟ್ಟು ಸಾಲಿಗೆ ಹೋದೆ. ಅವಳಿಗೆ ನೀರು ಕೊಟ್ಟೆನೆ? ಎಷ್ಟು ಸಲ ನೆನಪಿಸಿಕೊಂಡರೂ ಕೊಟ್ಟದ್ದು ನೆನಪಾಗುವುದಿಲ್ಲ.

ಊಟಕ್ಕೆ ಬಿಟ್ಟಾಗ ಮೊದಲು ನೋಡಿದವಳು ಅಜ್ಜಿ. ಅವಳ ಕೂಗು ಕೇಳಿ ಓಡಿದೆ. ತಂಗಿ ಚೀಲಗಳ ಮೇಲೆ ಒರಗಿದ್ದಳು. ಮೈ ಮುಟ್ಟಿದರೆ ಕೈ ಹಿಂದಕ್ಕೆ ಬರುವಷ್ಟು ಕಾದಿತ್ತು. ಒಂದು ಹನಿ ಬೆವರಿಲ್ಲ. ಕಣ್ಣು ತೆರೆದಿದ್ದರೂ ನನ್ನ ಗುರುತು ಇರಲಿಲ್ಲ. “ತೊಟ್ಟು ಬಿಡಸವ್ವಾ, ಲಗೂ ಲಗೂ ಬಿಡಸು” ಎಂದು ಅವ್ವನಿಗೆ ಹೇಳುತ್ತಿದ್ದಳು. ಅಜ್ಜಿ ಕೊಡದಲ್ಲಿದ್ದ ನೀರನ್ನೆಲ್ಲ ಅವಳ ಮೇಲೆ ಸುರಿದಳು. ಅಣ್ಣಾರು ಕಾರು ತಂದ. ಅವನ ಕಣ್ಣಲ್ಲಿ ನೀರಿತ್ತು, ಅದೂ ಸುಳ್ಳಲ್ಲ. ಆದರೆ ಅವಳನ್ನು ಎತ್ತಿ ಹಿಂದಿನ ಸೀಟಿಗೆ ಹಾಕುವ ಮೊದಲು, “ಒಂದ ನಿಮಿಷ, ತಡೀರಿ” ಎಂದು ಒಂದು ಗೊಬ್ಬರದ ಚೀಲ ತಂದು ಸೀಟಿನ ಮೇಲೆ ಹಾಸಿದ.

ಆ ಒಂದು ನಿಮಿಷ ನನ್ನ ಎದೆಯಲ್ಲಿ ಇವತ್ತಿಗೂ ಉರಿಯುತ್ತದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಚೀಲದ ತುದಿ ಹಿಡಿದು ಸರಿಯಾಗಿ ಹಾಸಲು ನೆರವಾದೆ.

ರಾಣೆಬೆನ್ನೂರಿನ ದವಾಖಾನೆಯಲ್ಲಿ ಮೈಗೆಲ್ಲ ಒದ್ದೆ ಬಟ್ಟೆ, ಬರ್ಫ ಇಟ್ಟು, ಸಲೈನ್ ಹಚ್ಚಿ ಹಾವೇರಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಅವಳಿಗೆ ಎರಡು ಸಲ ಫಿಟ್ಸ್ ಬಂದವು. ಹಾವೇರಿಯ ದೊಡ್ಡ ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ಕಣ್ಣ ರೆಪ್ಪೆ ಎಳೆದು ನೋಡಿ ನನ್ನನ್ನು ಹೊರಗೆ ಕರೆದರು.

“ಇಕಿ ಮೈಯಾಗ ರಕ್ತನ ಇಲ್ಲ. ಇಂಥಾಕಿನ್ನ ಬಿಸಿಲಿಗೆ ಯಾಕ ಬಿಟ್ರಿ? ಎಲ್ಲಿ ಇದ್ಲು?”

“ಶೆಡ್ಡಿನ್ಯಾಗ ಕುಂತಿದ್ಲ್ರಿ.”

“ಯಾವ ಶೆಡ್? ತಗಡಿಂದೇನು? ಯಾಕ ಕುಂತಿದ್ಲು?”

“ಹಂಗ... ಸುಸ್ತಾಗಿ ಕುಂತಿದ್ಲ್ರಿ.”

ಡಾಕ್ಟರಮ್ಮನ ಮುಂದೆಯೂ ಸುಳ್ಳು. ಜೀವ ಉಳಿಸುವವರ ಮುಂದೆಯೂ ನನಗೆ ಅಣ್ಣಾರ ಮುಖವೇ ಕಂಡಿತು. ಆಸ್ಪತ್ರೆಯ ಗೋಡೆಯ ಮೇಲೆ ಬಿಸಿಲಿಗೆ ಏನು ಮಾಡಬೇಕೆಂದು ಚಿತ್ರಗಳ ಸಮೇತ ಬರೆದಿದ್ದರು: ನೆರಳಿನಲ್ಲಿರಿ, ನೀರು ಕುಡಿಯಿರಿ. ಐದನೇ ಇಯತ್ತೆಯವಳಿಗೂ ಓದಲು ಬರುವಷ್ಟು ದೊಡ್ಡ ಅಕ್ಷರ. ಅದರ ಎದುರಿನ ಬೆಂಚಿನ ಮೇಲೆ ನಾನು ಎಂಟು ದಿನ ಕೂತೆ.

ತಂಗಿ ಉಳಿದಳು. ರಕ್ತ ಏರಿಸಿದರು, ಆಮೇಲೆ ಗರ್ಭಚೀಲದ ಆಪರೇಷನ್ನೂ ಆಯಿತು. ಮಾತು ತಿರುಗಿ ಬಂತು, ತುಸು ಎಳೆದೆಳೆದು. ಬಾರದೆ ಉಳಿದದ್ದು ಕೈ. ಏನಾದರೂ ಹಿಡಿಯಲು ಹೋದರೆ ನಡುಗುತ್ತದೆ. ಸುಮ್ಮನಿದ್ದಾಗ ಸುಮ್ಮನಿರುತ್ತದೆ, ವಸ್ತುವಿನ ಹತ್ತಿರ ಹೋದಷ್ಟೂ ಹೆಚ್ಚು ನಡುಗುತ್ತದೆ. ಕಾವು ಮೆದುಳಿಗೆ ಏರಿದ್ದರಿಂದ ಹೀಗೆ, ಪೂರ್ತಿ ಸರಿಯಾಗುವ ಭರವಸೆ ಕೊಡಲಾರೆ ಎಂದರು ಡಾಕ್ಟರಮ್ಮ. ಮನೆಗೆ ಬಂದ ಒಂದು ವಾರಕ್ಕೆ ತಂಗಿ ಚಿಮಟಿ ಕೈಗೆತ್ತಿಕೊಂಡು ಅಂಗಳದ ಕುಂಡದಲ್ಲಿದ್ದ ಮೆಣಸಿನ ಗಿಡದ ಮುಂದೆ ಕೂತಳು. ಮೊಗ್ಗು ಹರಿಯಿತು. ಎರಡನೆಯದೂ ಹರಿಯಿತು. ಗಿಡದಲ್ಲಿದ್ದ ಎಲ್ಲ ಮೊಗ್ಗುಗಳನ್ನೂ ಹರಿದು ಮುಗಿಸಿ ಎದ್ದಳು.

ಮುಂದಿನ ಸುಗ್ಗಿಗೆ ನಾನು ಕೆಲಸಕ್ಕೆ ಹೋದೆ. ಹೊಟ್ಟೆ ಕೇಳಬೇಕಲ್ಲ. ಹೋಗಿ ನೋಡಿದರೆ ಬಲೆಮನೆಯ ಮೇಲೆ ಇನ್ನೊಂದು ಹಸಿರು ಬಲೆ ಕಟ್ಟಿತ್ತು. ಟೆಂಪೊ ಐದೂವರೆಗೇ ಬರುತ್ತಿತ್ತು. ಆರು ಗಂಟೆಗೆ ಹೂ ಮುಟ್ಟಿಸಲು ಶುರು, ಹತ್ತಕ್ಕೆ ಮುಗಿತಾಯ; ಮೊಗ್ಗು ಬಿಡಿಸಲು ಸಂಜೆ ಮತ್ತೆ ಬರುವುದು. ಅಂದರೆ ತಂಗಿ ಹೇಳಿದ್ದನ್ನೇ, ಕಂಪನಿಯ ಅಧಿಕಾರಿ ಹೇಳಿದ್ದನ್ನೇ ಮಾಡಿದ್ದರು. ಹೂಗಳು ನಿಂತಿದ್ದವು. ಶೆಡ್ಡಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಯಾರು ಹೊರಗೆ ಎಂದು ಕೇಳು ಎಂದು ಅಣ್ಣಾರು ನನಗೆ ಹೇಳಲೂ ಇಲ್ಲ. ಹಾಗಾದರೆ ಹಿಂದಿನ ವರ್ಷದ ಮಾತು? ಅದು ತಪ್ಪಾಗಿತ್ತು ಎಂದು ಯಾರಾದರೂ ಹೇಳಿದರೇ? ಇಲ್ಲ. ಪ್ರವಚನದವರ ವಿಡಿಯೊ ಫೋನಿನಲ್ಲಿ ಈಗಲೂ ಬರುತ್ತದೆ. ಈಗ ಅವರು ಜಗತ್ತು ಕಾಯುವುದಕ್ಕೆ ಬೇರೆ ಏನೋ ಕಾರಣ ಹೇಳುತ್ತಿದ್ದಾರೆ. ಟೆಂಪೊದಲ್ಲಿ ಹೆಂಗಸರು ಮತ್ತೆ ಫ್ಯಾನು, ಮೋಡ, ಬೋರು ಎಂದು ನಗುತ್ತಾರೆ. ಸುಳ್ಳು ಹೇಳಿದವರು ಕೈ ಝಾಡಿಸಿಕೊಂಡು ಮುಂದಿನ ಸುಳ್ಳಿಗೆ ಹೋಗುತ್ತಾರೆ. ಒಬ್ಬಳು ಮಾತ್ರ ನಡುಗುವ ಕೈ ಇಟ್ಟುಕೊಂಡು ಮನೆಯಲ್ಲಿ ಕೂರಬೇಕು. ಇದನ್ನು ಯೋಚಿಸಿದರೆ ನನಗೆ ಅಳು ಬರುವುದಿಲ್ಲ, ಹಲ್ಲು ಕಡಿಯುವಂತಾಗುತ್ತದೆ. ಆದರೆ ಯಾರನ್ನು ಕಡಿಯಲಿ? ಅವರ ಸುಳ್ಳಿಗೆ ಅನುಭವದ ಮುದ್ರೆ ಒತ್ತಿದವಳು ನಾನೇ.

ಒಂದು ಭಾನುವಾರ ಬೆಳಿಗ್ಗೆ ತಂಗಿ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯಲು ಹೆಣಗುತ್ತಿದ್ದಳು. ಅವಳ ಎದುರು ಕೂತೆ.

“ಒಂದ ಮಾತ ಹೇಳಬೇಕು. ಅವತ್ತ ಬೇವಿನ ಗಿಡದ ಕೆಳಗ ನಾ ಖರೇ ಐತಿ ಅಂದ್ನೆಲ್ಲ, ಅವತ್ತ ನಾನೂ...”

“ಎರಡನೇ ದಿನ” ಎಂದಳು.

“ನಿನಗ ಹೆಂಗ ಗೊತ್ತು?” ಎಂದೆ.

“ಒಂದ ಬಚ್ಚಲಾ ಬಳಸೂ ಮನ್ಯಾಗ ನನಗ ಗೊತ್ತಾಗೂದಿಲ್ಲೇನ?” ಅವಳು ಬಳ್ಳೊಳ್ಳಿಯಿಂದ ತಲೆ ಎತ್ತಲಿಲ್ಲ. “ಹೇಳ್ತಿ ಅಂತ ಕುಂತಿದ್ನಿ. ಇವತ್ತರ ಹೇಳ್ತಾಳ, ನಾಳಿಗರ ಹೇಳ್ತಾಳ ಅಂತ. ಶೆಡ್ಡಿನ್ಯಾಗ ಮತ್ತೇನ ಕೆಲಸ ಇತ್ತು ನನಗ?”

“ನೀನರ ಹೇಳಬೇಕಿತ್ತಲ್ಲ, ನಮ್ಮಕ್ಕನೂ ಹೊರಗಾಗ್ಯಾಳ ಅಂತ...”

“ನಾ ಹೇಳಿದ್ರ ನಿನ್ನ ಮೇಸ್ತ್ರಿಕಿ ಹೋಗ್ತಿತ್ತು” ಎಂದಳು. ಆಮೇಲೆ ಮೊದಲ ಸಲ ನನ್ನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ; ನಾನು ಹುಡುಕಿದೆ, ಇರಲಿಲ್ಲ. “ನನ್ನ ಮುಂದ ಯಾಕ ಹೇಳತಿ? ನನಗ ಗೊತ್ತಿದ್ದದ್ದ ನನಗ ಹೇಳಿ ಹಗರ ಆಗಬೇಕಂತಿಯೇನು? ಎಲ್ಲಿ ಸುಳ್ಳ ಹೇಳಿದ್ಯೋ ಅಲ್ಲಿ ಹೋಗಿ ಹೇಳ.”

ಮರುದಿನ ಹತ್ತು ಗಂಟೆಗೆ ಕೆಲಸ ಮುಗಿದಾಗ ಹೆಂಗಸರನ್ನೆಲ್ಲ ಬೇವಿನ ಗಿಡದ ಕೆಳಗೆ ಕರೆದೆ. ಅಣ್ಣಾರು ಅಲ್ಲೇ ಕುರ್ಚಿಯ ಮೇಲಿದ್ದ. ನಾನು ಎಲ್ಲವನ್ನೂ ಹೇಳಿದೆ. ಹದಿನೈದು ವರ್ಷದ್ದು, ಆ ಎರಡನೇ ದಿನದ್ದು, ಎಲೆ ಸರಿಸಿ ಮುಚ್ಚಿದ ಕಾಯಿಗಳದ್ದು, ಅವ್ವನ ಹೆಸರಿನಲ್ಲಿ ಆಡಿದ ಸುಳ್ಳಿನದ್ದು. ಧ್ವನಿ ಏರಿತು. ಯಾರನ್ನು ಬೈಯುತ್ತಿದ್ದೇನೆ ಎಂದು ನನಗೇ ತಿಳಿಯದ ಹಾಗೆ ಕೂಗಾಡಿದೆ. “ನನ್ನ ಉರಿ ಹತ್ತಿದ್ದರ ಆ ಹೂ ಯಾಕ ನಿಂತು? ಹೇಳ್ರಿ ಅಣ್ಣಾರ, ಯಾಕ ನಿಂತು?”

ಅಣ್ಣಾರು ಎದ್ದ. “ಮುಗದ ಹೋದ ಮಾತು ಈಗ್ಯಾಕ ಮೇಸ್ತ್ರಿ? ನಾ ಯಾರಿಗೆ ಕೆಟ್ಟದ್ದ ಬಯಸೇನಿ? ದೊಡ್ಡವ್ರ ಹೇಳಿದ್ರು, ನೀನೂ ಹೌದಂದಿ. ನಾ ಏನ ಕನಸ ಕಂಡಿದ್ನೇನು?”

ಅದು ನಿಜವೇ. ನಾನೂ ಹೌದೆಂದಿದ್ದೆ.

ಆಮೇಲೆ ಹಿಂದಿನಿಂದ ಒಬ್ಬಳು, “ನಾನೂ ಇಲ್ಲ ಅಂತ ಹೇಳಿ ಒಳಗ ಹೋಗೇನಿ” ಎಂದಳು. ಇನ್ನೊಬ್ಬಳು ಕೈ ಎತ್ತಿದಳು, ಶಾಲೆಯಲ್ಲಿ ಎತ್ತಿದ ಹಾಗೆ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಉಳಿದವರು ಬುತ್ತಿಯ ಗಂಟು ಎತ್ತಿಕೊಂಡು ಟೆಂಪೊದ ಕಡೆ ನಡೆದರು. ಮರುದಿನ ಡ್ರೈವರನ ಪಕ್ಕ ಬೇರೊಬ್ಬಳು ಕೂತಿದ್ದಳು, ಡಬ್ಬಿ ಅವಳ ಮಡಿಲಲ್ಲಿತ್ತು. ನಾನು ಹಿಂದೆ ನಿಂತುಕೊಂಡು ಹೋಗುತ್ತೇನೆ, ಈಗಲೂ.

ಅವತ್ತು ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಎಷ್ಟ ಮಂದಿ ಹೌದಂದ್ರು?”

“ಇಬ್ಬರು.”

“ಹೋದ ವರ್ಷ ನೀ ಮೊದಲ ಹೇಳಿದ್ರ ಎಲ್ಲಾರೂ ಅಂತಿದ್ರು” ಎಂದಳು. ಎದ್ದು ಒಳಗೆ ಹೋದಳು. ಒಲೆಯ ಮೇಲಿದ್ದ ಚಹಾವನ್ನು ತಾನೇ ಸೋಸಿಕೊಳ್ಳಲು ಹೋಗಿ ಅರ್ಧ ಚೆಲ್ಲಿದಳು. ನಾನು ಹಿಡಿಯಲು ಹೋದೆ.

“ಬಿಡು. ನಾ ಹಾಕ್ಕೋತೇನಿ” ಎಂದಳು.